ಮನೆ ತೆರಿಗೆಯ ಸಿಟ್ಟು ಟೀಚರ್‌ಗಳ ಮೇಲೇಕೆ?

ಮಾನ್ಯ ಸಂಪಾದಕರೇ,

ಕೇರಳಕ್ಕೆ ಸೇರಿದ ಗಡಿನಾಡು ಕಾಸರಗೋಡಿನ ನಮ್ಮೂರಿನ ಹಾಲಿನ ಸೊಸೈಟಿಯ ಜಗಲಿಯಲ್ಲಿ ಈಚೆಗೆ ಒಂದು ಮಾತು ಗಟ್ಟಿಯಾಗಿ ಕೇಳಿಬರುತ್ತಿದೆ. ಪಂಚಾಯತ್ ಮನೆ ತೆರಿಗೆ ಏರಿಸಿದ್ದು ಸರಕಾರಿ ಶಾಲೆಯ ಮಾಷ್ಟ್ರುಗಳ ಸಂಬಳಕ್ಕಾಗಿ, ಪಾಠಕ್ಕೆ ಮಕ್ಕಳಿಲ್ಲದಿದ್ದರೂ ಅವರಿಗೆ ಕೈತುಂಬ ಸಂಬಳ, ಅದನ್ನು ತೆರುವವರು ನಾವು ಎಂಬ ಮಾತು. ಹೇಳುವವರು ಅಕ್ಷರ ಬಾರದವರಲ್ಲ. ಅವರಲ್ಲಿ ಒಬ್ಬರು ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಹಾಗಾಗಿ ಸುಮ್ಮನಿರಲಾರದೆ ಈ ಪತ್ರ ಬರೆಯುತ್ತಿದ್ದೇನೆ.

ಪಂಚಾಯತ್ ಕಚೇರಿಯಲ್ಲಿ ಗುಮಾಸ್ತನಾಗಿ ಮನೆ ತೆರಿಗೆಯ ಡಿಮಾಂಡ್ ರಿಜಿಸ್ಟರ್ ಬರೆದವನು ನಾನು. ಮಾರ್ಚ್ ಬಂತೆಂದರೆ ರಶೀದಿ ಪುಸ್ತಕ ಹಿಡಿದು ಗುಡ್ಡ ಹತ್ತಿ ಇಳಿದು, ನಾಯಿಗಳಿಂದಲೂ ಮನೆಯವರಿಂದಲೂ ಬೊಗಳಿಸಿಕೊಂಡವನು. ನನ್ನ ಸೊಸೆ ಕನ್ನಡ ಮಾಧ್ಯಮದ ಸರಕಾರಿ ಶಾಲೆಯೊಂದರಲ್ಲಿ ದಿನವೇತನದ ಟೀಚರ್. ತೆರಿಗೆ ಎಲ್ಲಿಗೆ ಹೋಗುತ್ತದೆ, ಸಂಬಳ ಎಲ್ಲಿಂದ ಬರುತ್ತದೆ ಅಥವಾ ಬರುವುದಿಲ್ಲ ಎಂಬ ಎರಡೂ ಸಂಗತಿಗಳು ನಮ್ಮ ಮನೆಯಲ್ಲಿ ಊಟದ ಹೊತ್ತಿನ ಮಾತು.

ಮೊದಲು ತೆರಿಗೆ. ಹೊರೆ ಏರಿದ್ದು ಸುಳ್ಳಲ್ಲ. ಗ್ರಾಮ ಪಂಚಾಯತ್ ವ್ಯಾಪ್ತಿಯ ವಾಸದ ಮನೆಗೆ ಹಿಂದೆ ಚದರ ಮೀಟರಿಗೆ 3ರಿಂದ 8 ರೂಪಾಯಿ ಇದ್ದ ದರವನ್ನು 2023ರ ಏಪ್ರಿಲ್‌ನಿಂದ 6ರಿಂದ 10 ರೂಪಾಯಿಗೆ ಏರಿಸಿದರು. ಇದು 300 ಚದರ ಮೀಟರ್‌ವರೆಗಿನ ಮನೆಗಳ ದರ. ಅದರ ಮೇಲೆ ವರ್ಷಕ್ಕೆ ಶೇಕಡ 5ರಂತೆ ಏರುತ್ತಾ ಹೋಗುವ ವ್ಯವಸ್ಥೆಯನ್ನೂ ತಂದರು. ಸಾವಿರ ಚದರ ಅಡಿಯ ಮನೆಯೆಂದರೆ ಸುಮಾರು 93 ಚದರ ಮೀಟರ್. ಮೀಟರಿಗೆ 8 ರೂಪಾಯಿ ಎಂದು ಹಿಡಿದರೆ 744 ರೂಪಾಯಿ, ಅದಕ್ಕೆ ಶೇಕಡ 5ರ ಗ್ರಂಥಾಲಯ ಕರ ಸೇರಿ 781. ಸಾಲದೆಂಬಂತೆ 2025ರ ರಾಜ್ಯ ಬಜೆಟ್ಟಿನಲ್ಲಿ ತೀರ್ವೆಯನ್ನೂ, ಅಂದರೆ ಜಾಗದ ಕಂದಾಯವನ್ನೂ, ಒಂದೂವರೆ ಪಾಲು ಮಾಡಿದರು. ಎರಡು ಎಕರೆ ತೋಟ ಇರುವವನು ಆರ್‌ಗೆ (ನೂರು ಚದರ ಮೀಟರಿಗೆ) 8 ರೂಪಾಯಿಯಂತೆ 648 ರೂಪಾಯಿ ಕಟ್ಟುತ್ತಿದ್ದಲ್ಲಿ ಈಗ 12ರಂತೆ 972 ಕಟ್ಟಬೇಕು. ಕೊಳೆರೋಗ, ಎಲೆಚುಕ್ಕೆ ರೋಗಗಳಿಂದ ಅಡಿಕೆ ಅರ್ಧಕ್ಕೆ ಇಳಿದ ತೋಟದವನಿಗೆ ಮುನ್ನೂರು ರೂಪಾಯಿಯ ಏರಿಕೆಯೂ ಚುಚ್ಚುತ್ತದೆ. ಸಿಟ್ಟು ಬರಬಾರದೆಂದು ನಾನು ಹೇಳುವುದಿಲ್ಲ.

ಆದರೆ ಈ ಹಣದಲ್ಲಿ ಟೀಚರ್‌ಗಳಿಗೆ ಸಲ್ಲುವುದು ಎಷ್ಟು? ಮನೆ ತೆರಿಗೆ ಪಂಚಾಯತಿನ ಸ್ವಂತ ನಿಧಿಗೆ ಬೀಳುತ್ತದೆ. ಬೀದಿದೀಪದ ಕರೆಂಟು ಬಿಲ್ಲು, ಕುಡಿಯುವ ನೀರಿನ ಪಂಪು, ಕಚೇರಿಯ ಖರ್ಚು, ರಸ್ತೆಯ ಹೊಂಡ ಮುಚ್ಚುವುದು ಮುಂತಾದವು ಅದರಿಂದ ನಡೆಯುತ್ತವೆ. ಶಿಕ್ಷಕರ ಸಂಬಳದ ಒಂದು ಪೈಸೆಯನ್ನೂ ನಾನು ಆ ಲೆಕ್ಕದಲ್ಲಿ ಬರೆದಿಲ್ಲ, ಬರೆಯುವ ಅಂಕಣವೇ ಅಲ್ಲಿರಲಿಲ್ಲ. ಸರಕಾರಿ ಶಾಲೆಯವರಿರಲಿ, ಅನುದಾನಿತ ಶಾಲೆಯವರಿರಲಿ, ಸಂಬಳ ಬರುವುದು ರಾಜ್ಯದ ಖಜಾನೆಯಿಂದ. ನಮ್ಮ ಮನೆ ತೆರಿಗೆಯಲ್ಲಿ ಓದಿನ ಹೆಸರಿನಲ್ಲೇ ವಸೂಲಾಗುವ ಪಾಲು ಯಾವುದಾದರೂ ಇದ್ದರೆ ಅದು ಮೇಲೆ ಹೇಳಿದ ಮೂವತ್ತೇಳು ರೂಪಾಯಿಯ ಗ್ರಂಥಾಲಯ ಕರ. ಅದು ಪುಸ್ತಕಕ್ಕೆ ಹೋಗುವಂಥದ್ದು, ಮಾಷ್ಟ್ರಿಗಲ್ಲ.

ಊರಿನ ತೆರಿಗೆಯಿಂದ ಊರಿನ ಮಾಷ್ಟ್ರಿಗೆ ಸಂಬಳ ಕೊಡುವ ಪದ್ಧತಿ ಇಲ್ಲಿಗೆ ಹೊಸದೂ ಅಲ್ಲ. ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ ಡಿಸ್ಟ್ರಿಕ್ಟ್ ಬೋರ್ಡ್ ಎಂಬ ಜಿಲ್ಲೆಯ ಸ್ಥಳೀಯ ಆಡಳಿತದ ಶಾಲೆಗಳಿದ್ದವು. 1920ರ ಪ್ರಾಥಮಿಕ ಶಿಕ್ಷಣ ಕಾಯಿದೆಯಲ್ಲಿ ಸ್ಥಳೀಯವಾಗಿ ಶಿಕ್ಷಣ ತೆರಿಗೆ ಹಾಕಲು ಅವಕಾಶವೂ ಇತ್ತು. ನನ್ನ ತಂದೆ ಕಲಿತದ್ದು ಅಂಥ 'ಬೋರ್ಡು ಶಾಲೆ'ಯಲ್ಲಿ. ಸಂಬಳ ಕೈಗೆ ಬರುವುದು ತಡವಾದಾಗ ಮಾಷ್ಟ್ರ ಮನೆಗೆ ಕುಚ್ಚಲಕ್ಕಿ, ತೆಂಗಿನಕಾಯಿ ಕೊಟ್ಟು ಬರುತ್ತಿದ್ದುದನ್ನು ಅವರು ಹೇಳುತ್ತಿದ್ದರು. ಅದನ್ನು ಊರಿನ ಔದಾರ್ಯವೆಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ನನಗೆ ಮಾತ್ರ ಅದರಲ್ಲಿ ಕಾಣುವುದು ಆ ಮಾಷ್ಟ್ರ ಸಂಕೋಚ. ಖಾಸಗಿ ಆಡಳಿತದ ಶಾಲೆಗಳಲ್ಲಂತೂ ಮ್ಯಾನೇಜರರು ಕೊಟ್ಟದ್ದೇ ಸಂಬಳವಾಗಿತ್ತು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ್ದು ಈ ಭಾಗದ ಕನ್ನಡಿಗರಿಗೆ ಇಂದಿಗೂ ನೋವಿನ ವಿಷಯ. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೂ ನ್ಯಾಯವಾಗಿ ಒಂದನ್ನು ಹೇಳಬೇಕು. 1957ರಲ್ಲಿ ಶಿಕ್ಷಣ ಸಚಿವ ಜೋಸೆಫ್ ಮುಂಡಶ್ಶೇರಿಯವರು ಮಂಡಿಸಿದ ಮಸೂದೆ ಕಾಯಿದೆಯಾದ ಮೇಲೆ ಅನುದಾನಿತ ಶಾಲೆಯ ಶಿಕ್ಷಕರಿಗೂ ಸರಕಾರವೇ ನೇರವಾಗಿ ಸಂಬಳ ಕೊಡುವುದು ಗಟ್ಟಿಯಾಯಿತು. ನಮ್ಮ ಗಡಿನಾಡಿನ ಎಷ್ಟೋ ಕನ್ನಡ ಶಾಲೆಗಳು ಉಳಿದದ್ದು ಆ ಬಲದಿಂದ.

ಸೊಸೈಟಿಯ ನಮ್ಮ ಬ್ಯಾಂಕಿನವರು ಇನ್ನೊಂದು ವಾದ ಹೂಡುತ್ತಾರೆ. ಅಮೆರಿಕದಲ್ಲಿ ಮನೆ ತೆರಿಗೆಯಿಂದಲೇ ಶಾಲೆ ನಡೆಯುತ್ತದೆ, ಹಾಗಾಗಿ ಅಲ್ಲಿ ಜನ ಟೀಚರನ್ನು ಲೆಕ್ಕ ಕೇಳುತ್ತಾರೆ, ಇಲ್ಲಿಯೂ ಹಾಗೆಯೇ ಆಗಲಿ ಎನ್ನುತ್ತಾರೆ. ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮನ ಮಗನನ್ನು ಕೇಳಿದೆ. ಅವನ ಮನೆ ತೆರಿಗೆಯ ಅರ್ಧಕ್ಕಿಂತ ಹೆಚ್ಚು ಶಾಲೆಗೇ ಹೋಗುತ್ತದೆಯಂತೆ. ಆ ತೆರಿಗೆಯ ಮೊತ್ತವನ್ನು ನಮ್ಮ ರೂಪಾಯಿಯಲ್ಲಿ ಕೇಳಿದರೆ ಬ್ಯಾಂಕಿನವರಿಗೆ ಆ ದಿನ ಕಾಫಿ ಇಳಿಯಲಾರದು. ಮನೆಯ ಬೆಲೆ ಏರಿದಂತೆ ತೆರಿಗೆ ಏರಿ, ಪಿಂಚಣಿಯಲ್ಲಿ ಬದುಕುವವರು ತತ್ತರಿಸಿದ್ದರಿಂದ ಕ್ಯಾಲಿಫೋರ್ನಿಯದ ಜನ 1978ರಲ್ಲಿ ಮತ ಹಾಕಿ ಅದಕ್ಕೆ ಕಡಿವಾಣ ತೊಡಿಸಿದರು. ತೆರಿಗೆ ಬೆಲೆಯ ಶೇಕಡ 1ನ್ನು ಮೀರಬಾರದು, ತೆರಿಗೆಗೆಂದು ಹಿಡಿಯುವ ಬೆಲೆ ವರ್ಷಕ್ಕೆ ಶೇಕಡ 2ಕ್ಕಿಂತ ಹೆಚ್ಚು ಏರಬಾರದು ಎಂದರು. ಆಗ ಶಾಲೆಗಳ ಖರ್ಚಿನ ದೊಡ್ಡ ಭಾಗವನ್ನು ಅಲ್ಲಿಯ ರಾಜ್ಯವೇ ಹೊರಬೇಕಾಯಿತು. ದೊಡ್ಡ ಮನೆಗಳ ಊರಿನ ಶಾಲೆಗೆ ದಂಡಿಯಾಗಿ ಹಣ, ಬಡವರ ಊರಿನ ಶಾಲೆಗೆ ಕೊರತೆ ಎಂಬ ತಕರಾರು ಆ ದೇಶದಲ್ಲಿ ಕೋರ್ಟಿನವರೆಗೂ ಹೋಗಿದೆ.

ಅದನ್ನು ನಮ್ಮ ಪಂಚಾಯತಿಗೆ ತಂದು ನೋಡೋಣ, ಲೆಕ್ಕ ನನ್ನ ಹಳೆಯ ಚಾಳಿ. ಪ್ರಾಥಮಿಕ ಶಾಲೆಯ ಖಾಯಂ ಶಿಕ್ಷಕರ ಆರಂಭದ ಮೂಲವೇತನ 35,600 ರೂಪಾಯಿ. ತುಟ್ಟಿಭತ್ಯೆ ಬಿಟ್ಟರೂ ವರ್ಷಕ್ಕೆ 4,27,200 ಆಯಿತು. ಒಂದು ಮನೆಗೆ 781ರಂತೆ, ಒಬ್ಬ ಟೀಚರಿಗೆ ಸಂಬಳ ಕೊಡಲು ಸುಮಾರು 550 ಮನೆಗಳ ಇಡೀ ವರ್ಷದ ತೆರಿಗೆ ಬೇಕು. ಬೀದಿದೀಪ ಆರಿಸಿ, ಪಂಪು ನಿಲ್ಲಿಸಿ, ಎಲ್ಲ ಹಣವನ್ನೂ ಶಾಲೆಗೆ ಸುರಿದರೂ ಗುಡ್ಡಗಾಡಿನ ಒಂದು ಪಂಚಾಯತಿನಲ್ಲಿ ಬೆರಳೆಣಿಕೆಯ ಟೀಚರುಗಳನ್ನು ಇಟ್ಟುಕೊಳ್ಳಬಹುದು, ಅಷ್ಟೆ. ಎಣ್ಮಕಜೆ, ಬೆಳ್ಳೂರು, ದೇಲಂಪಾಡಿಯಂಥ ಕಡೆಗಳಲ್ಲಿ ಶಾಲೆಯ ಬಾಗಿಲು ಮುಚ್ಚಬೇಕಾದೀತು. ಕನ್ನಡ ಮಾಧ್ಯಮದ್ದು ಮೊದಲು ಮುಚ್ಚುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. 781 ರೂಪಾಯಿಗೆ ಗೊಣಗುವವರಲ್ಲಿ ಹೆಚ್ಚಿನವರು ಮೊಮ್ಮಕ್ಕಳ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನಿಗೆ ಒಂದು ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಕೊಡುತ್ತಾರೆ. ಆಗ ಅವರ ಬಾಯಿಂದ ಉಸಿರೇ ಹೊರಡುವುದಿಲ್ಲ.

ಇನ್ನು 'ಕೈತುಂಬ ಸಂಬಳ'ದ ವಿಷಯ. ಖಾಯಂ ಆದವರ ಸಂಬಳ ಮರ್ಯಾದೆಯಾಗಿ ಬದುಕುವಷ್ಟಿದೆ, ಇರಲೇಬೇಕು. 2019ರ ಜುಲೈಯಿಂದ ಅನ್ವಯವಾದ ಪರಿಷ್ಕರಣೆಯ ಸಂಬಳ ಅದು. 2024ರ ಜುಲೈಗೆ ಬರಬೇಕಾಗಿದ್ದ ಮುಂದಿನದ್ದು ಸಮಯಕ್ಕೆ ಬರಲಿಲ್ಲ. ಅವರ ಪರವಾಗಿ ಮಾತನಾಡಲು ಸಂಘಗಳಿವೆ. ನಾನು ಹೇಳಬೇಕಾದದ್ದು ಖಾಯಂ ಹುದ್ದೆ ಖಾಲಿಬಿದ್ದಾಗ ಅದರ ಕುರ್ಚಿಯಲ್ಲಿ ಕೂತು ಅದೇ ಕೆಲಸ ಮಾಡುವ ದಿನವೇತನದವರ ಬಗ್ಗೆ.

ನನ್ನ ಸೊಸೆ ಶಿಕ್ಷಕಿಯ ತರಬೇತಿ ಮುಗಿಸಿ, ಕೆ-ಟೆಟ್ ಅರ್ಹತಾ ಪರೀಕ್ಷೆ ಪಾಸಾಗಿ, ಖಾಯಂ ಹುದ್ದೆಗೆ ಆಯ್ಕೆ ಮಾಡುವ ಪಿಎಸ್‌ಸಿ (ಲೋಕಸೇವಾ ಆಯೋಗ) ಪರೀಕ್ಷೆಗೂ ಓದುತ್ತಿದ್ದಾಳೆ. ದಿನಕ್ಕೆ 955 ರೂಪಾಯಿಯ ಲೆಕ್ಕದಲ್ಲಿ ಅವಳಿಗೆ ಸಿಕ್ಕಿದೆ. ಕೇಳಲು ಸಣ್ಣ ಮೊತ್ತವಲ್ಲ. ಗಡಿಯಾಚೆ ಕರ್ನಾಟಕದ ಅತಿಥಿ ಶಿಕ್ಷಕರ ಗೌರವಧನ ಇದಕ್ಕಿಂತ ಕಡಿಮೆ ಎಂಬುದೂ ನಿಜ. ಆದರೆ ಶಾಲೆ ನಡೆದ ದಿನಕ್ಕೆ ಮಾತ್ರ ಕೂಲಿ. ಓಣಂ ರಜೆಗೆ ಇಲ್ಲ, ಕ್ರಿಸ್‌ಮಸ್ ರಜೆಗೆ ಇಲ್ಲ, ಏಪ್ರಿಲ್-ಮೇ ಎರಡು ತಿಂಗಳು ಪೂರ್ತಿ ಇಲ್ಲ. ಜೂನ್-ಜುಲೈ ತಿಂಗಳ ಮಳೆಗೆ ಜಿಲ್ಲಾಧಿಕಾರಿಗಳು ರಜೆ ಸಾರುವ ಸುದ್ದಿ ರಾತ್ರಿ ಮೊಬೈಲಿಗೆ ಬಂದಾಗ ಮೊಮ್ಮಗ ಕುಣಿಯುತ್ತಾನೆ. "ಮಾವ, ಇವನ ಕುಣಿತಕ್ಕೆ 955 ರೂಪಾಯಿ ಟಿಕೇಟು" ಎನ್ನುತ್ತಾಳೆ ಅವಳು. ವರ್ಷದಲ್ಲಿ 200 ದಿನ ಪೂರ್ತಿ ಸಿಕ್ಕಿತೆಂದೇ ಇಟ್ಟುಕೊಳ್ಳಿ. 1,91,000 ರೂಪಾಯಿ ಆಗುತ್ತದೆ. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ ಹದಿನಾರು ಸಾವಿರದ ಒಳಗೆ. ಪಕ್ಕದ ತರಗತಿಯಲ್ಲಿ ಅದೇ ಪಾಠಪುಸ್ತಕ ಹಿಡಿದು ನಿಂತ ಖಾಯಂ ಟೀಚರಿಗೆ ಸಿಗುವುದರ ಅರ್ಧವೂ ಇಲ್ಲ. ನಮ್ಮ ತೋಟದ ಅಡಿಕೆಗೆ ಮದ್ದು ಬಿಡುವವನಿಗೆ ನಾವು ದಿನಕ್ಕೆ ಇದಕ್ಕಿಂತ ಹೆಚ್ಚು ಕೊಡುತ್ತೇವೆ. ಜಾರುವ ಮರದ ತುದಿಯಲ್ಲಿ ಜೀವ ಒತ್ತೆ ಇಟ್ಟು ದುಡಿಯುವವನಿಗೆ ಅದು ಸಲ್ಲಬೇಕಾದದ್ದೇ, ಮತ್ತು ಅವನಿಗೆ ಸಂಜೆಯೇ ಹಣ ಸಿಗುತ್ತದೆ. ಇವಳ ಬಿಲ್ಲು ಶಾಲೆಯಿಂದ ಹೊರಟು, ಕಚೇರಿ ದಾಟಿ, ಖಜಾನೆ ಮುಟ್ಟಿ ಹಣವಾಗುವಷ್ಟರಲ್ಲಿ ಕೆಲವೊಮ್ಮೆ ಇನ್ನೊಂದು ತಿಂಗಳ ಹಾಜರಿ ತುಂಬಿರುತ್ತದೆ. ಬಸ್ಸಿನ ಹಣ ಮಾತ್ರ ದಿನವೂ ಮುಂಗಡ.

ಮಾರ್ಚ್‌ನಲ್ಲಿ ಮನೆಗೆ, ಜೂನ್‌ನಲ್ಲಿ ಮತ್ತೆ ಸಂದರ್ಶನ. ಅದೇ ಶಾಲೆಯ ಅದೇ ಹುದ್ದೆಗೆ, ಹಿಂದಿನ ವರ್ಷ ತಾನೇ ಕಲಿಸಿದ ಮಕ್ಕಳ ಹೆತ್ತವರ ಮುಂದೆ, ಮೂಲ ಸರ್ಟಿಫಿಕೇಟುಗಳ ಫೈಲು ಹಿಡಿದು ಹೊಸಬಳಂತೆ ನಿಲ್ಲಬೇಕು. ಹುದ್ದೆ ಇರುತ್ತದೆಯೇ ಎಂಬುದೂ ಖಚಿತವಿಲ್ಲ. ಜೂನ್‌ನ ಆರನೇ ಕೆಲಸದ ದಿನ ತಲೆ ಎಣಿಸುತ್ತಾರೆ. ಮಕ್ಕಳ ಸಂಖ್ಯೆ ಇಳಿದಿದ್ದರೆ ಡಿವಿಜನ್ (ತರಗತಿಯ ವಿಭಾಗ) ಹೋಗುತ್ತದೆ, ಡಿವಿಜನ್‌ನ ಜೊತೆ ಹುದ್ದೆಯೂ ಹೋಗುತ್ತದೆ. ಕನ್ನಡ ಮಾಧ್ಯಮದ ಹುದ್ದೆಗೆ ಪಿಎಸ್‌ಸಿ ಬೇರೆಯೇ ಆಯ್ಕೆ ಪಟ್ಟಿ ಮಾಡಬೇಕು. ಆ ಪಟ್ಟಿ ತಡವಾದಷ್ಟೂ ಕಾಲ ಕುರ್ಚಿ ಖಾಲಿ, ಖಾಲಿ ಇರುವಷ್ಟೂ ಕಾಲ ವರ್ಷಕ್ಕೊಬ್ಬ ಹೊಸ ಟೀಚರ್. ಕೆಲವೊಮ್ಮೆ ಪಟ್ಟಿಯಿಂದ ಬಂದವರಿಗೆ ಕನ್ನಡವೇ ಬಾರದೆ, ಹೆತ್ತವರು ಶಾಲೆಯ ಗೇಟಿನಲ್ಲಿ ಧರಣಿ ಕೂತ ಸುದ್ದಿಯನ್ನೂ ಪತ್ರಿಕೆಗಳಲ್ಲಿ ಓದಿದ್ದೇವೆ. ಹೀಗಿರುವಾಗ ಮಗುವನ್ನು ಎಲ್ಲಿಗೆ ಸೇರಿಸುತ್ತೀರಿ ಎಂದು ಯಾವ ತಾಯಿಯನ್ನಾದರೂ ಕೇಳಿ ನೋಡಿ. ಮಕ್ಕಳಿಲ್ಲದೆ ಟೀಚರಿಗೆ ಸಂಬಳ ಎಂದು ದೂರುವವರು, ಟೀಚರ್ ನಿಲ್ಲದ್ದರಿಂದ ಮಕ್ಕಳು ಹೋದರು ಎಂಬುದನ್ನು ನೋಡುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಸೌಕರ್ಯ ಎಂದರೆ ಗೋಡೆಯೂ ಬೋರ್ಡೂ ಮಾತ್ರವೇ?

ಹಾಗೆಂದು ಪಂಚಾಯತ್ ಕೈತೊಳೆದುಕೊಳ್ಳುವಂತಿಲ್ಲ. 1995ರಲ್ಲಿ ಸರಕಾರಿ ಎಲ್.ಪಿ., ಯು.ಪಿ. (ಕಿರಿಯ, ಹಿರಿಯ ಪ್ರಾಥಮಿಕ) ಶಾಲೆಗಳನ್ನು ಗ್ರಾಮ ಪಂಚಾಯತುಗಳಿಗೆ ವಹಿಸಿಕೊಟ್ಟಾಗ ಸಂಬಳವನ್ನು ರಾಜ್ಯ ಇಟ್ಟುಕೊಂಡಿತು, ಕಟ್ಟಡದ ಹೊಣೆ ಪಂಚಾಯತಿಗೆ ಬಂತು. ಮಾಡಿನ ಹಂಚು, ಪಾಯಿಖಾನೆ, ಬೆಂಚು, ಕುಡಿಯುವ ನೀರು ಎಲ್ಲವೂ ಅವರ ಲೆಕ್ಕ. ತೆರಿಗೆ ಕಟ್ಟಿದವನಿಗೆ ಶಾಲೆಯ ವಿಷಯದಲ್ಲಿ ಪಂಚಾಯತನ್ನು ಕೇಳುವ ಹಕ್ಕಿರುವುದು ಇಲ್ಲಿ. ಇಂಥ ವರ್ಷ ಇಂಥ ಶಾಲೆಗೆ ಇಷ್ಟು ಖರ್ಚಾಯಿತು ಎಂಬ ಲೆಕ್ಕವನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಿದರೆ ಅರ್ಧ ಗೊಣಗಾಟ ಅಲ್ಲಿಯೇ ನಿಲ್ಲುತ್ತದೆ. ತೆರಿಗೆಯ ನೋಟೀಸು ನಮ್ಮ ಮನೆಗೆ ಬರುವುದು ಬರೀ ಮಲಯಾಳದಲ್ಲಿ. ಸ್ವಂತ ವಾಸದ 60 ಚದರ ಮೀಟರ್‌ವರೆಗಿನ ಮನೆಗೆ ವಿನಾಯಿತಿ ಇದೆಯೆಂಬುದು ಗೊತ್ತಿಲ್ಲದೆ ಕಟ್ಟುತ್ತಾ ಬಂದವರು ನಮ್ಮ ವಾರ್ಡಿನ ಕಾಲೊನಿಯಲ್ಲಿಯೇ ಇದ್ದಾರೆ. ಅಂಥವರು ಅಳತೆಯ ದಾಖಲೆಯೊಂದಿಗೆ ಪಂಚಾಯತಿಗೆ ಹೋಗಿ ವಿಚಾರಿಸಲಿ. ಈ ಪತ್ರ ಓದಿದವರು ಅವರಿಗೆ ತಿಳಿಸಲಿ.

ರಾಜ್ಯದ ಶಿಕ್ಷಣ ಇಲಾಖೆಯಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಖಾಯಂ ಹುದ್ದೆಯ ಖಾಲಿ ಜಾಗದಲ್ಲಿ ಇಡೀ ಶಾಲಾವರ್ಷ ದುಡಿದವರಿಗೆ ದಿನ ಎಣಿಸದೆ ತಿಂಗಳ ಲೆಕ್ಕದಲ್ಲಿ ವೇತನ ಕೊಡಲಿ, ಏಪ್ರಿಲ್-ಮೇ ತಿಂಗಳನ್ನೂ ಸೇರಿಸಲಿ. ಜಿಲ್ಲಾಧಿಕಾರಿಗಳೇ ಸಾರಿದ ಮಳೆರಜೆಯ ಕೂಲಿಯನ್ನಂತೂ ಕಡಿಯಬಾರದು, ಮಳೆ ತರಿಸಿದ್ದು ಟೀಚರಲ್ಲ. ಕನ್ನಡ ಮಾಧ್ಯಮದ ಹುದ್ದೆಗಳಿಗೆ ಹಳೆಯ ಪಟ್ಟಿಯ ಅವಧಿ ಮುಗಿಯುವ ಮೊದಲೇ ಹೊಸ ಪಟ್ಟಿ ಸಿದ್ಧವಾಗಲಿ.

ಈ ಬೇಡಿಕೆಗಳನ್ನೂ ಶಾಲೆಗಳ ಖರ್ಚಿನ ಲೆಕ್ಕದ ಬೇಡಿಕೆಯನ್ನೂ ಬರೆದು ನಮ್ಮ ವಾರ್ಡಿನ ಮುಂದಿನ ಗ್ರಾಮಸಭೆಯಲ್ಲಿ ನಿರ್ಣಯಕ್ಕಾಗಿ ಕೊಡಲಿದ್ದೇನೆ. ಸಭೆಯ ಕೋರಂಗೆ ವಾರ್ಡಿನ ಮತದಾರರಲ್ಲಿ ಹತ್ತರಲ್ಲಿ ಒಬ್ಬರಾದರೂ ಬರಬೇಕು. ನಮ್ಮಲ್ಲಿ ಮನೆ ರಿಪೇರಿಯ ಫಲಾನುಭವಿಗಳ ಪಟ್ಟಿ ಓದಿ ಮುಗಿದ ಕೂಡಲೇ ಜನ ಎದ್ದು ಹೋಗುವ ವಾಡಿಕೆಯಿದೆ. ಈ ಸಲ ಶಾಲೆಯ ವಿಷಯ ಬರುವವರೆಗೆ ಕೂತಿರಬೇಕೆಂದು ನೆರೆಕರೆಯವರಲ್ಲಿ ಕೇಳಿಕೊಳ್ಳುತ್ತೇನೆ. ಬೇರೆ ಪಂಚಾಯತಿನವರೂ ಇಂಥದೇ ನಿರ್ಣಯ ಕಳುಹಿಸಿದರೆ ಒಳ್ಳೆಯದು. ಕನ್ನಡದಲ್ಲಿಯೇ ಬರೆಯಿರಿ, ಸ್ವೀಕರಿಸಿದ ರಶೀದಿ ಕೇಳಿ ಪಡೆಯಿರಿ.

— ನಿವೃತ್ತ ಪಂಚಾಯತ್ ಗುಮಾಸ್ತ,
ಬದಿಯಡ್ಕ ಸಮೀಪ, ಕಾಸರಗೋಡು ಜಿಲ್ಲೆ