ಹಾಡಿನ ಹೆಸರಷ್ಟೇ ಸಾಲದು, ನಾಲ್ಕು ಸಾಲು ಅರ್ಥವನ್ನೂ ಹಾಕಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಆಫ್ರಿಕಾದ ಹೊಸ ಹಾಡುಗಳ ಬಗ್ಗೆ ಅರ್ಧ ಪುಟ ಬಂದಿತ್ತು. ನೋಡಿ ಖುಷಿಯಾಯಿತು. ಆದರೆ ‘ಜೆರುಸಲೆಮಾ’ವನ್ನು ‘ಆಫ್ರಿಕನ್ ಭಾಷೆಯ ಡ್ಯಾನ್ಸ್ ಹಾಡು’ ಅಂತ ಬರೆದಿದ್ದೀರಲ್ಲ, ಅಲ್ಲಿಗೆ ಬಂದಾಗ ಟೀ ಲೋಟ ಕೆಳಗಿಟ್ಟೆ. ಆಫ್ರಿಕನ್ ಭಾಷೆ ಅಂತ ಒಂದಿಲ್ಲ ಸ್ವಾಮಿ. ಆ ಹಾಡು ಇರುವುದು ಜುಲು ಭಾಷೆಯಲ್ಲಿ. ನಮ್ಮ ಕನ್ನಡದ ಹಾಡನ್ನು ಯಾರಾದರೂ ‘ಏಷ್ಯನ್ ಭಾಷೆಯ ಹಾಡು’ ಅಂದರೆ ನಾವು ಸುಮ್ನೆ ಇರ್ತೀವಾ?

ನಾನು ಸಂಗೀತ ಕಲಿತವನಲ್ಲ. ಮೈಸೂರಿನಲ್ಲಿ ಕಾಲೇಜಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. 2020ರಲ್ಲಿ ಅಂಗಡಿ ಬಾಗಿಲು ಹಾಕಿ ಮನೆಯಲ್ಲಿ ಕೂತಿದ್ದಾಗ ಎಲ್ಲರ ಹಾಗೆ ನಾನೂ ಆ ಡ್ಯಾನ್ಸ್ ವಿಡಿಯೊಗಳನ್ನು ನೋಡಿದೆ. ಅಂಗೋಲಾದ ಹುಡುಗ ಹುಡುಗಿಯರು ಕೈಯಲ್ಲಿ ಊಟದ ತಟ್ಟೆ ಹಿಡಿದುಕೊಂಡೇ ಹೆಜ್ಜೆ ಹಾಕುತ್ತಿದ್ದರು. ಆಮೇಲೆ ಯಾವ್ಯಾವುದೋ ದೇಶದ ನರ್ಸುಗಳು, ಪಾದ್ರಿಗಳು, ಪೊಲೀಸರು ಎಲ್ಲ ಕುಣಿದರು. ನಾನೂ ಮಗಳ ಜೊತೆ ಹಾಲ್‌ನಲ್ಲಿ ನಾಲ್ಕು ಹೆಜ್ಜೆ ಹಾಕಿದೆ. ಅರ್ಥ ಮಾತ್ರ ಒಂದಕ್ಷರ ಗೊತ್ತಿರಲಿಲ್ಲ.

ಗೊತ್ತಾದಾಗ ಮೈ ಜುಮ್ಮೆಂದಿತು. ದಕ್ಷಿಣ ಆಫ್ರಿಕಾದ ಮಾಸ್ಟರ್ ಕೆಜಿ ಸಂಗೀತಕ್ಕೆ ನೊಮ್ಸೆಬೊ ಜಿಕೊಡೆ ಎಂಬಾಕೆ ಹಾಡಿರುವುದು ಒಂದು ಪ್ರಾರ್ಥನೆ. ಜೆರುಸಲೇಮೇ ನನ್ನ ಮನೆ, ನನ್ನನ್ನು ಕಾಪಾಡು, ನನ್ನ ಜೊತೆಗೇ ನಡೆ, ನನ್ನನ್ನು ಇಲ್ಲಿ ಬಿಟ್ಟು ಹೋಗಬೇಡ, ನನ್ನ ಜಾಗ ಇದಲ್ಲ ಅಂತ. ನಮ್ಮ ದಾಸರು ‘ಅಲ್ಲಿದೆ ನಮ್ಮ ಮನೆ’ ಅಂದರಲ್ಲ, ಹೆಚ್ಚುಕಡಿಮೆ ಅದೇ. ಕೋವಿಡ್ ವಾರ್ಡಿನವರು ಮಾಸ್ಕ್ ಹಾಕಿಕೊಂಡು ಕುಣಿದದ್ದು ‘ಇಲ್ಲಿ ಬಿಟ್ಟು ಹೋಗಬೇಡ’ ಅನ್ನುವ ಮಾತಿಗೆ. ಅದನ್ನು ತಿಳಿದ ಮೇಲೆ ಹಳೆಯ ವಿಡಿಯೊಗಳನ್ನು ಇನ್ನೊಂದು ಸಲ ನೋಡಿದೆ.

ಅರ್ಥ ಹುಡುಕುವುದು ಸುಲಭ ಅಂತಲ್ಲ. ನೈಜೀರಿಯಾದ ಬರ್ನಾ ಬಾಯ್‌ನ ‘ಲಾಸ್ಟ್ ಲಾಸ್ಟ್’ ಹಾಡು 2022ರಲ್ಲಿ ಬಂತು. ಕೊನೆಕೊನೆಗೆ ಎಲ್ಲರೂ ಬ್ರೇಕ್‌ಫಾಸ್ಟ್ ತಿನ್ನಲೇಬೇಕು ಅಂತ ಅದರಲ್ಲಿ ಒಂದು ಸಾಲು. ಇದೇನಪ್ಪ, ಹೋಟೆಲ್ ಜಾಹೀರಾತಾ ಅಂದುಕೊಂಡಿದ್ದೆ! ನಮ್ಮ ಅಂಗಡಿಗೆ ಪ್ರಾಜೆಕ್ಟ್ ರಿಪೋರ್ಟ್ ಸ್ಪೈರಲ್ ಬೈಂಡಿಂಗ್ ಮಾಡಿಸಲು ಬರುತ್ತಿದ್ದ ಒಬ್ಬ ನೈಜೀರಿಯಾದ ಹುಡುಗನನ್ನು ಕೇಳಿದೆ. ಅವನು ಕೌಂಟರ್ ಮೇಲೆ ಕೈ ಬಡಿದು ನಕ್ಕ. ‘ಅಂಕಲ್, ಬ್ರೇಕ್‌ಫಾಸ್ಟ್ ಅಂದರೆ ನಮ್ಮಲ್ಲಿ ಹುಡುಗಿ ಕೈ ಕೊಡೋದು’ ಅಂದ. ಅಂದರೆ ಇವತ್ತು ನನ್ನ ತಟ್ಟೆಗೆ ಬಿತ್ತು, ನಾಳೆ ನಿನ್ನ ತಟ್ಟೆಗೂ ಬೀಳುತ್ತೆ, ಯಾರೂ ತಪ್ಪಿಸಿಕೊಳ್ಳೋಕಾಗಲ್ಲ ಅಂತ. ಎಲ್ಲರ ಮನೆ ದೋಸೆನೂ ತೂತೇ ಅಂತ ನಾನು ನಮ್ಮ ಗಾದೆ ಹೇಳಿದೆ. ದೋಸೆ ಎಂದರೇನೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಮೈಸೂರಿಗೆ ಬಂದು ಎರಡು ವರ್ಷವಾಗಿತ್ತು.

ಆ ಹುಡುಗನಿಂದಲೇ ಅವರ ದೇಶದ ಹಳೆಯ ಹಾಡುಗಾರ ಫೆಲಾ ಕುಟಿ ಪರಿಚಯವಾಗಿದ್ದು. ‘ಜಾಂಬಿ’ ಅನ್ನುವ ಹಾಡು, ಕೇಳಿದರೆ ಕುಣಿಯಬೇಕು ಅನ್ನಿಸುವಂಥದ್ದು. ಒಳಗಿರುವುದು ಸೈನಿಕರ ಗೇಲಿ. ಹೋಗು ಅಂದರೆ ಹೋಗ್ತಾನೆ, ನಿಲ್ಲು ಅಂದರೆ ನಿಲ್ತಾನೆ, ಸ್ವಂತ ಬುದ್ಧಿ ಇಲ್ಲ ಅಂತ. 1977ರ ಫೆಬ್ರವರಿ 18ರಂದು ಸುಮಾರು ಸಾವಿರ ಸೈನಿಕರು ಲಾಗೋಸ್‌ನಲ್ಲಿದ್ದ ಫೆಲಾನ ಮನೆಗೆ ನುಗ್ಗಿ ಬೆಂಕಿ ಹಚ್ಚಿದರು. ವಯಸ್ಸಾದ ತಾಯಿಯನ್ನು ಕಿಟಕಿಯಿಂದ ಎಸೆದರು. ಮುಂದಿನ ವರ್ಷ ಆಕೆ ತೀರಿಕೊಂಡರು. ಅವನು ಶವಪೆಟ್ಟಿಗೆ ಹೊತ್ತುಕೊಂಡು ಹೋಗಿ ಸರ್ಕಾರದ ಬಾಗಿಲಲ್ಲೇ ಇಟ್ಟ. ಇಷ್ಟು ಗೊತ್ತಿಲ್ಲದೆ ಸುಮ್ನೆ ತಲೆ ಆಡಿಸುತ್ತಾ ಕೇಳುವುದು ಹೇಗೆ ಹೇಳಿ?

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಮಾಲಿ ದೇಶದ ತಿನಾರಿವೆನ್ ತಂಡ. ಮರಳುಗಾಡಿನ ಟುವರೆಗ್ ಜನ. ತಮಾಶೆಕ್ ಅವರ ಭಾಷೆ, ತಿನಾರಿವೆನ್ ಅಂದರೆ ಮರಳುಗಾಡುಗಳು. ತಂಡದ ಹಿರಿಯ ಇಬ್ರಾಹಿಂ ಅಗ್ ಅಲ್ಹಬೀಬ್ ಚಿಕ್ಕವನಿದ್ದಾಗ, 1963ರ ದಂಗೆಯಲ್ಲಿ, ಅವನ ತಂದೆಯನ್ನು ಕೊಂದರು. ಊರು ಬಿಟ್ಟು ಅಲೆಯುತ್ತಾ ಬೆಳೆದ ಹುಡುಗ ತಗಡಿನ ಡಬ್ಬಕ್ಕೆ ಒಂದು ಕೋಲು ಸಿಕ್ಕಿಸಿ, ಸೈಕಲ್ ಬ್ರೇಕಿನ ತಂತಿ ಕಟ್ಟಿ ಗಿಟಾರ್ ಮಾಡಿಕೊಂಡ. ಅವರ ಹಾಡುಗಳಲ್ಲಿ ‘ಅಸ್ಸೂಫ್’ ಅನ್ನುವ ಪದ ಮತ್ತೆ ಮತ್ತೆ ಬರುತ್ತದೆ. ಒಂಟಿತನ, ಊರಿನ ನೆನಪು, ಹಂಬಲ ಎಲ್ಲ ಸೇರಿದ ಒಂದು ಸಂಕಟ. ಕನ್ನಡದಲ್ಲಿ ಏನನ್ನಬೇಕೋ ಇನ್ನೂ ಹೊಳೆದಿಲ್ಲ. ಅವರ ಹಾಡು ಮೊದಮೊದಲು ಹಬ್ಬಿದ್ದು ರೇಡಿಯೊದಿಂದಲ್ಲ, ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಕಾಪಿ ಮಾಡಿ, ಕೈಯಿಂದ ಕೈಗೆ. ಖಾಲಿ ಕ್ಯಾಸೆಟ್ ಮತ್ತು ಹಾಡಿನ ಪಟ್ಟಿ ಕೊಟ್ಟು ಅಂಗಡಿಯಲ್ಲಿ ರೆಕಾರ್ಡ್ ಮಾಡಿಸಿಕೊಂಡು ಬೆಳೆದ ನನ್ನಂಥವನಿಗೆ, ಅದರಲ್ಲೂ ಈಗ ಕಾಪಿ ಮಾಡಿಕೊಟ್ಟೇ ಹೊಟ್ಟೆ ಹೊರೆಯುವವನಿಗೆ, ಇದು ನಮ್ಮ ಮನೆಯ ವಿಷಯದ ಹಾಗೇ ಅನ್ನಿಸಿತು.

ಹಾಗಾಗಿ ಒಂದೇ ಕೋರಿಕೆ. ಮುಂದಿನ ಸಲ ಇಂಥ ಹಾಡುಗಳ ಬಗ್ಗೆ ಬರೆಯುವಾಗ ಯೂಟ್ಯೂಬ್‌ನಲ್ಲಿ ಎಷ್ಟು ಕೋಟಿ ಜನ ನೋಡಿದರು ಅನ್ನುವುದಕ್ಕೆ ಒಂದು ಸಾಲು ಸಾಕು. ಹಾಡು ಯಾವ ದೇಶದ್ದು, ಯಾವ ಭಾಷೆಯದ್ದು, ನಾಲ್ಕು ಸಾಲಿನಲ್ಲಿ ಅದರ ಅರ್ಥವೇನು, ಇಷ್ಟು ಹಾಕಿ. ಮೈಸೂರು, ಬೆಂಗಳೂರಿನಲ್ಲಿ ಓದುತ್ತಿರುವ ಆಫ್ರಿಕಾದ ವಿದ್ಯಾರ್ಥಿಗಳನ್ನು ಕೇಳಿದರೆ ಅವರೇ ಹೇಳುತ್ತಾರೆ. ಸಂತೋಷದಿಂದಲೇ ಹೇಳುತ್ತಾರೆ.

ಅಂದಹಾಗೆ, ಆ ಪುಟದಲ್ಲಿ ಫೆಲಾ ಕುಟಿಯ ಫೋಟೊ ಕೆಳಗೆ ‘ಆಫ್ರೋಬೀಟ್ಸ್’ ಅಂತ ಅಚ್ಚಾಗಿದೆ. ಅವನ ಸಂಗೀತದ ಶೈಲಿಯ ಹೆಸರು ಆಫ್ರೋಬೀಟ್. ‘ಸ್’ ಸೇರಿದರೆ ಅದು ಬೇರೆ ಶೈಲಿ, ಬರ್ನಾ ಬಾಯ್ ಕಾಲದ್ದು. ತಿದ್ದುಪಡಿ ಹಾಕಿದರೆ ಕತ್ತರಿಸಿ ಅಂಗಡಿಯ ಗಾಜಿಗೆ ಅಂಟಿಸುತ್ತೇನೆ.

– ಜೆರಾಕ್ಸ್ ಅಂಗಡಿಯ ಒಬ್ಬ ಓದುಗ, ಮೈಸೂರು