ಬಾಡಿಗೆ ಸೈಕಲ್‌ಗಳ ಫೋರ್ಕ್ ಟ್ರಾವೆಲ್ ಇನ್ನು 100 ಮಿ.ಮೀ.

ಆತ್ಮೀಯ ಗ್ರಾಹಕರೇ,

ನಮ್ಮಲ್ಲಿ ಬಾಡಿಗೆಗೆ ಸಿಗುವ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ) ಮೌಂಟನ್ ಬೈಕ್‌ಗಳ ಫೋರ್ಕ್ ಟ್ರಾವೆಲ್ಲನ್ನು, ಅಂದರೆ ಮುಂದಿನ ಚಕ್ರ ಹಿಡಿದಿರುವ ಸಸ್ಪೆನ್ಷನ್ ಫೋರ್ಕ್ ಎಷ್ಟು ಕುಗ್ಗಬಲ್ಲದು ಎಂಬ ಅಳತೆಯನ್ನು, ಈ ಸಲ 120 ಮಿ.ಮೀ.ನಿಂದ 100ಕ್ಕೆ ಇಳಿಸಿದ್ದೇವೆ. ಬಾಡಿಗೆ ಹಳೆಯದೇ. ‘ಇದ್ದಿದ್ದನ್ನೂ ಯಾಕೆ ಕಡಿಮೆ ಮಾಡಿದ್ರಿ?’ ಎಂದು ಕೆಲವರು ಕೇಳಿದ್ದೀರಿ. ಅದಕ್ಕೇ ಈ ಪತ್ರ.

ಚಿಕ್ಕಮಗಳೂರಿಗೆ ಬಂದು ಸೈಕಲ್ ತೆಗೆದುಕೊಳ್ಳುವವರು ಜಾಸ್ತಿ ಹೋಗುವುದು ಕೈಮರದ ಕಡೆ, ಅಲ್ಲಿಂದ ಮುಳ್ಳಯ್ಯನಗಿರಿಯ ಸಾಲಿಗೆ. ಡಾಂಬರು ರಸ್ತೆಯಲ್ಲಿ ತೊಂದರೆ ಇಲ್ಲ. ಕಾಫಿ ತೋಟದ ಮಣ್ಣುದಾರಿಯಲ್ಲಿ ಕಡಿದಾದ ಏರು ಬಂತೆಂದರೆ ಮುಂದಿನ ಚಕ್ರ ನೆಲ ಬಿಟ್ಟು ಏಳುತ್ತದೆ, ಹ್ಯಾಂಡಲ್ ಅತ್ತಿತ್ತ ಓಲಾಡುತ್ತದೆ. ಕಾಲಲ್ಲಿ ಕಸುವಿದ್ದರೂ ಇಳಿದು ತಳ್ಳಬೇಕು. ಅಷ್ಟು ದೂರದಿಂದ ಬಂದವರು ತಳ್ಳಿಕೊಂಡು ಹೋಗುವುದನ್ನು ನೋಡಿದರೆ ನಮಗೂ ಬೇಜಾರಾಗುತ್ತದೆ.

ಏರಿನಲ್ಲಿ ನಮ್ಮ ಭಾರ ಹಿಂದಿನ ಚಕ್ರದ ಮೇಲೆ ಹೋಗುತ್ತದೆ. ಮುಂದೆ ಹಗುರಾದ ಕೂಡಲೇ ಫೋರ್ಕ್ ತನ್ನ ಪೂರ್ತಿ ಉದ್ದಕ್ಕೆ ಎದ್ದು ನಿಲ್ಲುತ್ತದೆ. ಹ್ಯಾಂಡಲ್ ಮೇಲೆ ಹೋದಂತೆ ನಾವು ಇನ್ನೂ ಹಿಂದಕ್ಕೆ ವಾಲುತ್ತೇವೆ. ಲಾಕ್‌ಔಟ್ (ಫೋರ್ಕನ್ನು ಬಿಗಿ ಮಾಡುವ ಗುಂಡಿ) ಹಾಕಿದರೆ ಸಾಕು ಅಂತ ಬಹಳ ಜನ ನಂಬಿದ್ದಾರೆ. ಅದು ಫೋರ್ಕ್ ಕುಣಿಯುವುದನ್ನು ನಿಲ್ಲಿಸುತ್ತದೆ, ಗಿಡ್ಡ ಮಾಡುವುದಿಲ್ಲ. ಇದ್ದ ಎತ್ತರದಲ್ಲೇ ಬಿಗಿ ಹಿಡಿಯುತ್ತದೆ, ಅಷ್ಟೆ.

ಉದ್ದವನ್ನೇ 20 ಮಿ.ಮೀ. ಕಡಿಮೆ ಮಾಡಿದರೆ ಹೆಡ್ ಟ್ಯೂಬ್ (ಫ್ರೇಮಿನಲ್ಲಿ ಫೋರ್ಕ್ ಕೂರುವ ಮುಂದಿನ ಕೊಳವೆ), ಸೀಟ್ ಟ್ಯೂಬ್ (ಸೀಟಿನ ಕೆಳಗಿನ ಕೊಳವೆ) ಎರಡೂ ಸುಮಾರು 1 ಡಿಗ್ರಿ ನೆಟ್ಟಗಾಗುತ್ತವೆ. ಮೈ ತಾನಾಗಿ ಮುಂದೆ ಬರುತ್ತದೆ. ನಿಧಾನವಾಗಿ ಹತ್ತುವಾಗಲೂ ಮುಂದಿನ ಚಕ್ರ ಹೇಳಿದ ಕಡೆ ಹೋಗುತ್ತದೆ.

ಇದಕ್ಕೆ ಬೆಲೆಯೂ ಇದೆ. ಪೆಡಲ್‌ಗಳ ನಡುವಿನ ಬಾಟಮ್ ಬ್ರಾಕೆಟ್ ಸುಮಾರು 7 ಮಿ.ಮೀ. ಕೆಳಗೆ ಬರುತ್ತದೆ, ಕಲ್ಲು, ಬೇರುಗಳ ಮೇಲೆ ಪೆಡಲ್ ತಾಗುವ ಸಾಧ್ಯತೆ ಜಾಸ್ತಿ. ಕಡಿದಾದ ಇಳಿಜಾರಿನಲ್ಲಿ ಮೊದಲಿನಷ್ಟು ಧೈರ್ಯ ಬರುವುದಿಲ್ಲ. ಹಾಗಾಗಿ ಕೆಲವು ಸೈಕಲ್‌ಗಳನ್ನು 120ರಲ್ಲೇ ಉಳಿಸಿದ್ದೇವೆ. ಜೀಪಿನಲ್ಲಿ ಮೇಲೆ ಹೋಗಿ ಇಳಿಯುವುದಷ್ಟೇ ನಿಮ್ಮ ಯೋಜನೆಯಾದರೆ ಅದನ್ನೇ ಕೇಳಿ ಪಡೆಯಿರಿ.

ಸ್ವಂತ ಸೈಕಲ್ ಇರುವವರಿಗೂ ಈ ಕೆಲಸ ಮಾಡಿಕೊಡುತ್ತೇವೆ. ಸ್ಪ್ರಿಂಗ್ ಬದಲು ಗಾಳಿ ಇರುವ ಬಹಳಷ್ಟು ಏರ್ ಫೋರ್ಕ್‌ಗಳಲ್ಲಿ ಗಾಳಿ ಪೂರ್ತಿ ಬಿಟ್ಟು, ಕೆಳಗಿನ ಕಾಲು ಬಿಚ್ಚಿ, ಒಳಗಿನ ಏರ್ ಶಾಫ್ಟ್ (ಟ್ರಾವೆಲ್ ಎಷ್ಟೆಂದು ನಿರ್ಧರಿಸುವ ಸರಳು) ಬದಲಿಸಬೇಕು. ಕೆಲವು ಹಳೆಯವುಗಳಲ್ಲಿ ಒಳಗೆ ಸ್ಪೇಸರ್ (ಚಿಕ್ಕ ತುಂಡು) ಹಾಕಿದರೆ ಸಾಕು. ಯು-ಟರ್ನ್, ಟಾಲಾಸ್‌ನಂಥ, ಟ್ರಾವೆಲ್ಲನ್ನು ಹೊರಗಿನಿಂದಲೇ ಹೊಂದಿಸಬಹುದಾದ ಹಳೆಯ ಫೋರ್ಕ್ ನಿಮ್ಮಲ್ಲಿದ್ದರೆ ಏನೂ ಬಿಚ್ಚಬೇಕಿಲ್ಲ, ಮೇಲಿನ ನಾಬ್ ತಿರುಗಿಸಿದರೆ ಆಯಿತು. ಆದರೆ ಫೋರ್ಕನ್ನು ಒತ್ತಿ ಬೆಲ್ಟ್‌ನಿಂದ ಕಟ್ಟಿಕೊಂಡು ಹತ್ತುವುದು ಬೇಡ. ಬಿಚ್ಚಲು ಮರೆತು ಇಳಿಯಲು ಶುರು ಮಾಡಿದರೆ ಅಪಾಯ. ಟ್ರಾವೆಲ್ ಜಾಸ್ತಿ ಮಾಡಿಕೊಡಿ ಎಂದರೂ ಫ್ರೇಮ್ ಕಂಪನಿ ಹೇಳಿದ ಮಿತಿ ದಾಟಿ ನಾವು ಮಾಡುವುದಿಲ್ಲ. ಉದ್ದದ ಫೋರ್ಕ್‌ನಿಂದ ಹೆಡ್ ಟ್ಯೂಬ್ ಮೇಲೆ ಒತ್ತಡ ಹೆಚ್ಚುತ್ತದೆ.

ಇನ್ನೊಂದು ಮಾತು. ಟ್ರಾವೆಲ್ ಬದಲಿಸುವ ಮೊದಲು ಸ್ಯಾಗ್ (ನೀವು ಕೂತಾಗ ಫೋರ್ಕ್ ಎಷ್ಟು ತಗ್ಗುತ್ತದೆ ಎಂಬುದು) ನೋಡಿಸಿಕೊಳ್ಳಿ, ಸೀಟನ್ನು ಸ್ವಲ್ಪ ಮುಂದೆ ಸರಿಸಿ ನೋಡಿ. ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ, ಸುಮ್ನೆ ದುಡ್ಡು ಖರ್ಚು ಮಾಡಬೇಕಿಲ್ಲ.

ಬುಕ್ ಮಾಡುವಾಗ ಬ್ಯಾಗಿನ ಭಾರವೂ ಸೇರಿದಂತೆ ನಿಮ್ಮ ತೂಕ ತಿಳಿಸಿ. ನೀವು ಕೂತಾಗ ಫೋರ್ಕ್ ಸುಮಾರು 20 ಮಿ.ಮೀ. ತಗ್ಗುವಂತೆ ಗಾಳಿ ತುಂಬಿಟ್ಟಿರುತ್ತೇವೆ.

ಇಂತಿ,
ನಿಮ್ಮ ಸೈಕಲ್ ಅಂಗಡಿಯವರು, ಚಿಕ್ಕಮಗಳೂರು