ಆ ವಾಸನೆ ವಿಷ್ಯ

ಮಗಾ,

ನಿನ್ನ ಕಾಗದ ಮೂರು ಸಲ ಓದ್ದೆ. ಗಾಡಿ ತಗೊಂಡಿದ್ದು, ಶೆಡ್ಡು ಹಾಕಿದ್ದು, ಸಾಲದ ಕಂತು, ನಿಮ್ಮವ್ವನ ಮಂಡಿನೋವು, ಎಲ್ಲಾ ಅವಳೇ, ನನ್ನ ಅಕ್ಕ, ಫೋನಲ್ಲಿ ಹೇಳವ್ಳೆ, ಅದರ ಮಾತು ಈಗ ಬೇಡ. ಕೊನೇಲಿ ಒಂದು ಸಾಲು ಬರ್ದಿದ್ದೀಯಲ್ಲ, ಪಾರ್ಕಿಂಗ್ ಲೈಟಿನ ಫ್ಯೂಸು ಪದೇ ಪದೇ ಹೋಗ್ತಿತ್ತು ಮಾವ, ತಾಮ್ರದ ತಂತಿ ಸುತ್ತಿ ಹಾಕ್ಬಿಟ್ಟೆ ಈಗ ಹೋಗಲ್ಲ, ಆದ್ರೆ ರಾತ್ರಿ ಓಡ್ಸುವಾಗ ಡ್ಯಾಶ್‌ಬೋರ್ಡ್ ಹತ್ರ ಏನೋ ಪ್ಲಾಸ್ಟಿಕ್ ವಾಸನೆ ಬರ್ತೈತೆ, ಏನಾದ್ರೂ ಆಗ್ತೈತಾ ಅಂತ. ಅದನ್ನ ಓದಿದ ಮೇಲೆ ನನಗೆ ಬೇರೆ ಏನೂ ತಲೆಗೆ ಹೋಗ್ಲಿಲ್ಲ. ಮಗಳು ಊಟಕ್ಕೆ ಕರೆದ್ಲು, ಹೋಗಿ ಕೂತು ಏನು ತಿಂದ್ನೋ ಗೊತ್ತಿಲ್ಲ.

ಆ ವಾಸನೆ ನಂಗೆ ಗೊತ್ತು ಮಗಾ. ಮೊದಲು ಸ್ವಲ್ಪ ಸಿಹಿ ಸಿಹಿ ಇರ್ತೈತೆ, ಹೊಸ ಚಪ್ಪಲಿ ಬಿಸಿಲಿಗಿಟ್ಟಂಗೆ, ಆಮೇಲೆ ಗಂಟಲಿಗೆ ಹಿಡಿಯೋ ಥರ ಆಗ್ತೈತೆ. ತಂತಿ ಮೇಲಿನ ಪ್ಲಾಸ್ಟಿಕ್ ಹೊದಿಕೆ, ಪಿವಿಸಿ, ಮೆತ್ತಗಾಗಿ ಒಂದಕ್ಕೊಂದು ಅಂಟ್ಕೊಳ್ಳೋ ಹೊತ್ತಿನ ವಾಸನೆ ಅದು. ಮಾಮೂಲಿ ವೈರಿನ ಪಿವಿಸಿ ತಡಿಯೋದು 70 ಡಿಗ್ರಿ ಬಿಸಿ ಅಷ್ಟೇ, ಅದು ದಾಟಿದ ಮೇಲೆ ಎಷ್ಟು ದಿನ ಅಂತ ಯಾರೂ ಹೇಳಕ್ಕಾಗಲ್ಲ.

ನೀನು ಲೆಕ್ಕದಲ್ಲಿ ಚುರುಕು, ಒಂದು ಲೆಕ್ಕ ಹಾಕು. ನಿನ್ನದು ಟಾಟಾ 407 ಸಣ್ಣ ಲಾರಿ, 12 ವೋಲ್ಟಿನ ಗಾಡಿ. ಪಾರ್ಕಿಂಗ್ ಲೈಟು, ನಂಬರ್ ಪ್ಲೇಟ್ ಲೈಟು ಸೇರಿ 5 ವ್ಯಾಟಿನ ಆರು ಬಲ್ಬು ಅಂತಿಟ್ಕೋ, 30 ವ್ಯಾಟು, 12ರಲ್ಲಿ ಭಾಗ್ಸು, ಎರಡೂವರೆ ಆಂಪಿಯರು. ಎರಡೂವರೆ ಆಂಪಿಯರಿಗೆ 8 ಆಂಪಿಯರಿನ ಫ್ಯೂಸು ಯಾಕೆ ಹೋಗ್ಬೇಕು? ಕರೆಂಟು ಬಲ್ಬಿಗೆ ಹೋಗ್ದೆ ಎಲ್ಲೋ ನಡುವೆ ಗಾಡಿಯ ಕಬ್ಬಿಣಕ್ಕೆ ಇಳೀತಿದೆ, ಶಾರ್ಟ್ ಅನ್ನೋದು ಇದನ್ನೇ, ಅದಕ್ಕೇ ಹೋಗೋದು. ಫ್ಯೂಸು ಕೆಟ್ಟಿರಲಿಲ್ಲ, ಅದು ನಿನಗೆ ಹೇಳ್ತಾ ಇತ್ತು, ನೀನು ಅದರ ಬಾಯಿಗೆ ತಂತಿ ಕಟ್ದೆ. ಈಗ ಹತ್ತೋ ಇಪ್ಪತ್ತೋ ಆಂಪಿಯರು ಆ ಸಣ್ಣ ತಂತೀಲಿ ಹರೀತಿರ್ತೈತೆ, ಕರೆಂಟು ಎರಡರಷ್ಟಾದ್ರೆ ಬಿಸಿ ನಾಲ್ಕರಷ್ಟು ಆಗೋದು. ಪೂರ್ತಿ ಶಾರ್ಟ್ ಆದ್ರಂತೂ ಆ ಬ್ಯಾಟರಿ ನೂರಾರು ಆಂಪಿಯರು ಸುರಿದು ಬಿಡ್ತೈತೆ, ಎಂಜಿನ್ ಸ್ಟಾರ್ಟ್ ಮಾಡೋ ಸೆಲ್ಫ್ ಮೋಟ್ರನ್ನೇ ಎತ್ತೋ ಬ್ಯಾಟರಿ ಅದು.

ಬೈತಿಲ್ಲ ಕಣಪ್ಪ. ಬೈಯೋ ಅರ್ಹತೆ ನಂಗಿಲ್ಲ ಅನ್ನೋದಕ್ಕೇ ಈ ಕಾಗದ. ಇದನ್ನ ಅಕ್ಕಂಗೂ ಹೇಳಿಲ್ಲ, ನಿಮ್ಮತ್ತೆ ಇರೋವರೆಗೂ ಅವಳಿಗೂ ಹೇಳ್ಲಿಲ್ಲ.

1989ರ ಬೇಸಿಗೆ. ಅರಸೀಕೆರೇಲಿ ಬಿ.ಎಚ್. ರೋಡಿನ ಮೇಲೆ ಗಾಡಿ ವೈರಿಂಗ್ ಮಾಡೋ ಮೇಸ್ತ್ರಿ ಶಾಪಲ್ಲಿ ಇದ್ದೆ, ಕೆಲ್ಸ ಕಲ್ತು ಕೈ ಚಳಕ ಬಂದಿದ್ದ ವಯಸ್ಸು. ಮೇಸ್ತ್ರಿ ಊಟಕ್ಕೆ ಹೋಗಿದ್ರು. ರಾತ್ರಿ ಒಂಬತ್ತಕ್ಕೆ ಒಂದು ಕಾಯಿ ಲೋಡು ಲಾರಿ ಬಂತು, ಬೆಂಗಳೂರಿಗೆ ಬೆಳಗಿನ ಜಾವದ ಹೊತ್ತಿಗೆ ಸೇರ್ಬೇಕು, ಹಿಂದಿನ ಲೈಟು ಹತ್ತಲ್ಲ, ಫ್ಯೂಸು ಹಾಕಿದ ತಕ್ಷಣ ಹೋಗ್ತೈತೆ. ಆಗಿನ ಫ್ಯೂಸು ಗುಂಡಿನ ಥರ ಬಿಳೀ ಪಿಂಗಾಣಿ, ಮೇಲೆ ತೆಳ್ಳಗೆ ಒಂದು ಪಟ್ಟಿ. ನಾಲ್ಕು ಸುಟ್ಟೆ. ಡ್ರೈವರು ಸಿಗರೇಟು ಹಚ್ಕೊಂಡು ಗಡಿಯಾರ ನೋಡ್ತಾ ನಿಂತವ್ನೆ. ಚಾಸಿ, ಅಂದ್ರೆ ಲಾರಿ ಕೆಳಗಿನ ಕಬ್ಬಿಣದ ಚೌಕಟ್ಟು, ಅದರ ಉದ್ದಕ್ಕೂ ಮಲಗಿ ತಂತಿ ಹುಡುಕ್ಬೇಕಾಗಿತ್ತು, ಒಂದು ಗಂಟೆ ಕೆಲ್ಸ. ನಾನು ಅವನ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಹರಿದು, ಸುಟ್ಟಿದ್ದ ಫ್ಯೂಸಿಗೆ ಮೂರು ಸುತ್ತು ಸುತ್ತಿ ಒತ್ತಿಬಿಟ್ಟೆ. ಲೈಟು ಹತ್ತಿದ್ವು. ಭಲೇ ಹುಡುಗ ಅಂತ ಐದು ರೂಪಾಯಿ ಜಾಸ್ತಿ ಕೊಟ್ಟು ಹೋದ.

ತಿಪಟೂರು ದಾಟಿದ ಮೇಲೆ ಹೊತ್ಕೊಂಡಿತಂತೆ. ಡ್ರೈವರಿಗೆ ಏನೂ ಆಗ್ಲಿಲ್ಲ. ಕ್ಲೀನರು ಹುಡುಗ, ಹದಿನಾರೋ ಹದಿನೇಳೋ, ಕ್ಯಾಬಿನ್ನಲ್ಲಿ ಹಿಂದಿನ ಸೀಟಲ್ಲಿ ಮಲಗಿದ್ದ. ಎಡಗೈ ಮೊಣಕೈವರೆಗೂ ಸುಟ್ಟು ಬೆರಳು ಮೂರು ಒಂದಕ್ಕೊಂದು ಕೂಡ್ಕೊಂಡ್ವು. ಒಂದೂವರೆ ತಿಂಗಳಾದ ಮೇಲೆ ಅದೇ ಡ್ರೈವರು ಶಾಪಿಗೆ ಬಂದು ಮೇಸ್ತ್ರಿ ಹತ್ರ ಹೇಳ್ತಿದ್ದ, ಅಣ್ಣಾ ಏನೋ ವಾಸನೆ ಬರ್ತೈತೆ ಅಂತ ಹುಡುಗ ಎರಡು ಸಲ ಅಂದ ಸ್ವಾಮಿ, ನಾನೇ ಸುಮ್ನೆ ಮಲಕ್ಕಳಲಾ ಅಂದೆ ಅಂತ. ಹೇಳ್ತಾ ಅತ್ತ. ನಾನು ಪಕ್ಕದಲ್ಲೇ ಡೈನಮೋ ಬಿಚ್ಚಿಕೊಂಡು ಕೂತಿದ್ದೆ, ತಲೆ ಎತ್ತಲಿಲ್ಲ. ಬೆಳ್ಳಿ ಕಾಗದ ಯಾರಿಗೂ ನೆನಪಿಲ್ಲ, ಅಲ್ಲಿ ಅದೂ ಸುಟ್ಟೋಗಿತ್ತು.

ಅದಕ್ಕೇ ವಾಸನೆ ಅನ್ನೋ ಮಾತು ನಿನ್ನ ಕಾಗದದಲ್ಲಿ ನೋಡಿ ಕೈ ನಡುಗ್ತು.

ಈಗ ಏನು ಮಾಡ್ಬೇಕು ಅಂದ್ರೆ, ಮೊದಲು ಆ ತಂತಿ ತೆಗಿ. ಲೈಟಿಲ್ದೆ ಗಾಡಿ ನಿಲ್ಲಿಸ್ಬೇಕಾದ್ರೆ ನಿಲ್ಸು, ನಾಲ್ಕು ಬಾಡಿಗೆ ಹೋದ್ರೆ ಹೋಗ್ಲಿ. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಕೊನೆಗೆ. ಪಾಸಿಟಿವ್ ಮೊದಲು ಬಿಚ್ಚೋಕೆ ಹೋದ್ರೆ ಸ್ಪ್ಯಾನರು ಗಾಡಿಯ ಕಬ್ಬಿಣಕ್ಕೆ ತಗುಲಿದ್ರೆ ಅಲ್ಲೇ ವೆಲ್ಡಿಂಗ್ ಆಗೋಗ್ತೈತೆ, ಬ್ಯಾಟರಿ ಚಾರ್ಜಾಗುವಾಗ ಬರೋ ಗ್ಯಾಸಿಗೆ ಆ ಕಿಡಿ ಸಾಕು. ಕೈಲಿರೋ ಉಂಗುರ, ಬೆಳ್ಳಿ ಕಡಗ ತೆಗೆದಿಡು. ಇದೆಲ್ಲ ಯೂಟ್ಯೂಬಲ್ಲಿ ನೋಡಿರ್ತೀಯ, ಆದ್ರೂ ಬರೀತೀನಿ.

ಆಮೇಲೆ ಕರೆಂಟು ಅಳೆಯೋ ಮೀಟ್ರಿಗೆ ದುಡ್ಡು ಹಾಕೋ ಮೊದಲು ಒಂದು ಟೆಸ್ಟ್ ಲ್ಯಾಂಪ್ ಮಾಡ್ಕೋ. ಹಳೇ ಬ್ರೇಕ್ ಲೈಟಿನ 21 ವ್ಯಾಟಿನ ಬಲ್ಬು, ಒಂದು ಹೋಲ್ಡರು, ಎರಡು ತುಂಡು ವೈರು. ಬ್ಯಾಟರಿ ಕನೆಕ್ಷನ್ ಮತ್ತೆ ಹಾಕಿ, ಖಾಲಿ ಇರೋ ಫ್ಯೂಸು ಜಾಗದ ಎರಡು ತುದಿಗೂ ಈ ಬಲ್ಬನ್ನ ಕೊಡು. ಪಾರ್ಕಿಂಗ್ ಸ್ವಿಚ್ ಹಾಕು. ಶಾರ್ಟ್ ಇದ್ರೆ ಬಲ್ಬು ಫುಲ್ಲಾಗಿ ಉರೀತೈತೆ, ಎರಡು ಆಂಪಿಯರಿಗಿಂತ ಜಾಸ್ತಿ ಅದು ಬಿಡಲ್ಲ, ಹಾಗಾಗಿ ನಿಧಾನವಾಗಿ ಹುಡುಕ್ಬೋದು, ಏನೂ ಸುಡಲ್ಲ. ಬಲ್ಬು ಎದ್ರಿಗೆ ಕಾಣೋ ಹಾಗೆ ಕಟ್ಟಿ, ಹಿಂದಿನ ಲೈಟಿನ ಕನೆಕ್ಟರು ಬಿಚ್ಚು, ನೋಡು. ಮಂದ ಆಯ್ತಾ, ಶಾರ್ಟು ಹಿಂದೈತೆ. ಹಾಗೇ ಉರೀತಿದೆಯಾ, ಅದನ್ನ ಬಿಟ್ಟು ಮುಂದೆ ಬಾ. ಸಾಮಾನ್ಯ ಕ್ಯಾಬಿನ್ ಹಿಂದೆ ಚಾಸಿ ತೂತಿನಲ್ಲಿ ವೈರಿಂಗ್ ಇಳಿಯೋ ಕಡೆ ರಬ್ಬರ್ ಬುಷ್ಷು ಉದುರೋಗಿ ತಂತಿ ಉಜ್ಜಿ ಉಜ್ಜಿ ಬೆತ್ತಲಾಗಿರ್ತೈತೆ, ಇಲ್ಲಾ ಹಿಂದಿನ ಲೈಟಿನ ಹೋಲ್ಡರಲ್ಲಿ ನೀರು ಕೂತು ಹಸಿರು ಹಿಡಿದಿರ್ತೈತೆ. ವೈರಿಂಗ್ ಕಟ್ಟನ್ನ ಕೈಲಿ ಅಲ್ಲಾಡಿಸ್ತಾ ಹೋಗು, ಎಲ್ಲಿ ಅಲ್ಲಾಡ್ಸಿದಾಗ ಬಲ್ಬು ಮಿಣುಕ್ತೈತೋ ಅಲ್ಲೇ. ಆವತ್ತು ರಾತ್ರಿ ನಾನು ಮಾಡ್ಬೇಕಾಗಿದ್ದೂ ಇಷ್ಟೇ ಮಗಾ. ಮೇಸ್ತ್ರಿ ಮೇಜಿನ ಮೊಳೆಗೆ ಟೆಸ್ಟ್ ಲ್ಯಾಂಪು ನೇತಾಡ್ತಾ ಇತ್ತು, ಕೈಗೆ ಎಟಕೋ ದೂರದಲ್ಲಿ.

ಹೊಸ ಫ್ಯೂಸು ತರುವಾಗ ಬಣ್ಣ ನೋಡ್ಕೋ, ಮೋಸ ಹೋಗ್ಬೇಡ. ಹಳೇ ಪಿಂಗಾಣಿ ಫ್ಯೂಸಲ್ಲಿ ಬಿಳೀದು 8 ಆಂಪಿಯರು, ಕೆಂಪು 16, ನೀಲಿ 25. ಯಾರಾದ್ರೂ ಚಪ್ಪಟೆ ಪ್ಲಾಸ್ಟಿಕ್ಕಿನ ಬ್ಲೇಡ್ ಫ್ಯೂಸಿನ ಬಾಕ್ಸ್ ಹಾಕಿದ್ರೆ ಅದ್ರಲ್ಲಿ ಕೆಂಪು 10, ನೀಲಿ 15, ಹಳದಿ 20. ಕೆಂಪು ಕೆಂಪು ಒಂದೇ ಅಂತ ಹಾಕೋರವ್ರೆ.

ಇನ್ನೊಂದು, ಡ್ಯಾಶ್‌ಬೋರ್ಡ್ ಒಳಗಿನ ತಂತಿ ಈಗಾಗ್ಲೇ ಬಿಸಿ ತಿಂದವೆ. ಶಾರ್ಟ್ ಸಿಕ್ತು ಸರಿ ಮಾಡ್ದೆ ಅಂತ ಬಿಟ್ಬಿಡ್ಬೇಡ, ಆ ಕಟ್ಟಿನ ಟೇಪು ಬಿಚ್ಚಿ ಒಂದೊಂದೇ ತಂತಿ ಬೆರಳಲ್ಲಿ ಮುಟ್ಟಿ ನೋಡು. ಗಟ್ಟಿಯಾಗಿ ಗರಗರ ಅನ್ನೋದು, ಪಕ್ಕದ್ದಕ್ಕೆ ಅಂಟಿರೋದು, ಬಣ್ಣ ಕಂದಿರೋದು ಸಿಕ್ಕಿದ್ರೆ ಅಷ್ಟುದ್ದ ಕತ್ತರಿಸಿ ಹೊಸದು ಹಾಕು. ಒಂದಿನ ಪೂರ್ತಿ ಬೇಕಾಗ್ತೈತೆ. ಕೊಡು.

ಪಾರ್ಕಿಂಗ್ ಲೈಟಿನ ಲೈನು ಬ್ಯಾಟರಿಯಿಂದ ನೇರ ಬರೋದು, ಕೀ ತೆಗೆದ್ರೂ ಅದ್ರಲ್ಲಿ ಕರೆಂಟು ಇರ್ತೈತೆ. ಅಂದ್ರೆ ರಾತ್ರಿ ಶೆಡ್ಡಲ್ಲಿ ಗಾಡಿ ನಿಲ್ಲಿಸಿ ಮಲಗಿದ್ರೂ ಆ ತಂತಿ ಎಚ್ಚರವಾಗೇ ಇರ್ತೈತೆ. ಡ್ರೈವರ್ ಸೀಟ್ ಹತ್ರ ಬ್ಯಾಟರಿ ಕಟಾಫ್ ಸ್ವಿಚ್ ಒಂದು ಹಾಕ್ಸು. ಎಂಜಿನ್ ಓಡ್ತಿರುವಾಗ ಸುಮ್ ಸುಮ್ನೆ ಅದನ್ನ ಆಫ್ ಮಾಡ್ಬೇಡ, ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರಿನ ಡಯೋಡು ಹೋಗ್ತವೆ. ಹೊಗೆ ಕಂಡ್ರೆ ಮಾತ್ರ ಡಯೋಡು ಗಿಯೋಡು ನೋಡ್ಬೇಡ.

ಶೆಡ್ಡು ಅಂದ ತಕ್ಷಣ ಮತ್ತೆ ಹೊಟ್ಟೆ ತೊಳೆಸ್ತೈತೆ. ಅಟ್ಟದ ಮೇಲೆ ಕೊಬ್ಬರಿಗೆ ಕಾಯಿ ಹಾಕಿದ್ದೀರಿ ಅಂತ ಅಕ್ಕ ಹೇಳಿದ್ಲು. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಕೂರೋ ಮಾಲು, ಒಳಗೆಲ್ಲ ಎಣ್ಣೆ, ಮೇಲೆ ಒಣ ನಾರು. ಕೆಳಗೆ ಸಿಪ್ಪೆ ರಾಶಿ. ಅದರ ಪಕ್ಕ ಗಾಡಿ. ಆ ಮನೇಲಿ ಅಕ್ಕ ಮಲಗ್ತಾಳೆ. ಶೆಡ್ಡಿನ ಕಿಟ್‌ಕ್ಯಾಟು, ಅಂದ್ರೆ ಕರೆಂಟ್ ಬೋರ್ಡಿನ ಪಿಂಗಾಣಿ ಫ್ಯೂಸು, ಅದಕ್ಕೂ ತಾಮ್ರದ ತಂತಿ ಅಂತ ಎಷ್ಟು ಹಗುರವಾಗಿ ಬರ್ದಿದ್ದೀಯ. 15 ಆಂಪಿಯರಿಗೆ ಫ್ಯೂಸ್ ವೈರು ಅರ್ಧ ಮಿಲಿಮೀಟರ್ ದಪ್ಪ ಇರ್ತೈತೆ ಅಷ್ಟೇ, ತವರ ಹಚ್ಚಿದ ತಾಮ್ರ, ಅಂಗಡೀಲಿ ಆಂಪಿಯರ್ ಹೇಳಿ ಕೇಳಿದ್ರೆ ಕಾರ್ಡಿಗೆ ಸುತ್ತಿರೋದು ಕೊಡ್ತಾರೆ. ನೀನು ಸುತ್ತಿರೋದು ಮನೆ ವೈರಿನ ಎಳೆ ಇರ್ಬೇಕು, ಎಷ್ಟೆಳೆ ಅಂತ ನೀನೂ ಎಣಿಸಿಲ್ಲ. ಅದು ಕರಗೋ ಹೊತ್ತಿಗೆ ಅಟ್ಟದ ತೊಲೆ ಮೇಲೆ ಹೋಗಿರೋ ವೈರು ಮೊದಲು ಉರಿದಿರ್ತೈತೆ, ಅಲ್ಲಿ ಇಲಿ ಕಡಿದಿರೋದು ಬೇರೆ ಇರ್ತವೆ.

ಶೆಡ್ಡಿನ ಫ್ಯೂಸು ಯಾಕೆ ಹೋಗ್ತಿತ್ತು ಅನ್ನೋದೂ ನನಗೆ ಕಾಣ್ತೈತೆ, ಅಲ್ಲಿರೋ ಗಾಳಿ ಕಂಪ್ರೆಸರು. 1 ಎಚ್‌ಪಿ ಮೋಟ್ರು ಓಡುವಾಗ ಐದಾರು ಆಂಪಿಯರು ತಗೊಂಡ್ರೆ ಸ್ಟಾರ್ಟ್ ಆಗೋ ಗಳಿಗೇಲಿ ಅದರ ಐದಾರು ಪಟ್ಟು ಎಳೀತೈತೆ. ಲೈಟಿನ ಲೈನಿಗೆ ಅದನ್ನ ಕೊಟ್ಟಿದ್ದೀಯ. ಮೇನಿಂದ ಬೇರೆ ಲೈನು ಎಳೆಸು, 4 ಸ್ಕ್ವೇರ್ ಎಂಎಂ ತಾಮ್ರ, ಕರೆಂಟು ಜಾಸ್ತಿ ಆದ್ರೆ ತಾನೇ ಆಫ್ ಆಗೋ ಸ್ವಿಚ್ಚು, ಮೋಟ್ರು ಸ್ಟಾರ್ಟಿಂಗ್ ತಡಿಯೋ ಸಿ ಟೈಪ್ ಎಂಸಿಬಿ, ಅದರ ಜೊತೆಗೆ ಕರೆಂಟು ಸೋರಿದ್ರೆ ಆಫ್ ಆಗೋ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಒಂದು ಹಾಕಿದ್ರೆ ಇನ್ನೊಂದು ಬೇಡ ಅಂತ ಅಂಗಡಿಯವನು ಅಂದ್ರೆ ನಂಬ್ಬೇಡ, ಎಂಸಿಬಿ ವೈರು ಕಾಯೋದು, ಆರ್‌ಸಿಸಿಬಿ ನಿನ್ನ ಕಾಯೋದು. ಅರ್ಥಿಂಗ್ ಗುಂಡಿಗೆ ಬೇಸಿಗೇಲಿ ನೀರು ಹಾಕ್ತಿರು. ಈ ಲೈನಿನ ಕೆಲ್ಸ ಮಾತ್ರ ಲೈಸೆನ್ಸ್ ಇರೋರ ಕೈಲಿ ಮಾಡ್ಸು, ಗಾಡೀಲಿ ತಂತಿ ಮುಟ್ಟಿ ಮುಟ್ಟಿ ಕೈಗೆ ಭಯ ಹೋಗಿರ್ತೈತೆ, 230 ವೋಲ್ಟಿಗೆ ಆ ಕೈ ಆಗಲ್ಲ. ದುಡ್ಡಿನ ಮಾತು ಹೇಳಕ್ಕೆ ಸಂಕೋಚ, ಆದ್ರೂ ಪಿಂಚಣಿ ಇಲ್ದೋರ ಹತ್ರಾನೂ ಒಂದಿಷ್ಟು ಇರ್ತೈತೆ, ಆ ಖರ್ಚು ನಂಗೆ ಬಿಡು, ಅವ್ವಂಗೆ ಹೇಳ್ಬೇಡ.

ಆ ಕ್ಲೀನರು ಹುಡುಗ ಮೂರ್ನಾಲ್ಕು ವರ್ಷ ಆದ ಮೇಲೆ ಒಂದು ಸಲ ಶಾಪಿಗೆ ಬಂದಿದ್ದ. ಬೇರೆ ಲಾರೀಲಿ. ಹಾರ್ನು ಕೆಟ್ಟಿತ್ತು. ರಿಲೇ ಬದಲಾಯಿಸ್ದೆ, ಅವನೇ ಎದ್ರಿಗೆ ಟೀ ಅಂಗಡಿಯಿಂದ ನಂಗೂ ಒಂದು ಟೀ ತಂದ್ಕೊಟ್ಟ, ಲೋಟನ ಎಡಗೈಲಿ ಹಿಡಿಯಕ್ಕಾಗಲ್ಲ, ಎರಡು ಲೋಟನೂ ಬಲಗೈಲೇ ಹಿಡ್ಕೊಂಡು ರೋಡು ದಾಟಿ ಬಂದ, ಅರ್ಧ ಚೆಲ್ಲಿತ್ತು. ದುಡ್ಡು ತಗೊಳ್ಳಲಿಲ್ಲ ನಾನು. ಯಾಕಣ್ಣ ಅಂದ. ಆಗ ಹೇಳ್ಬೋದಾಗಿತ್ತು. ಹೋಗ್ಲಿ ಬಿಡು ಅಂದೆ. ಅವನು ಒಳ್ಳೇವ್ರು ನೀವು ಅಂದು ಹೋದ. ಆಮೇಲೆ ಯಾವತ್ತೂ ಕಾಣ್ಲಿಲ್ಲ, ನಾನೂ ಹುಡುಕ್ಲಿಲ್ಲ. ಮೂವತ್ತು ವರ್ಷದ ಮೇಲಾಯ್ತು.

ನಿಂಗೆ ವಾಸನೆ ಬಂದಿದ್ದನ್ನ ಬರ್ದೆಯಲ್ಲ, ಬರೀದೆ ಇದ್ದಿದ್ರೆ ಏನು ಮಾಡ್ತಿದ್ದೆ ಅಂತ ಯೋಚ್ನೆ ಮಾಡ್ತಾ ಇದ್ದೀನಿ.

ಕಣ್ಣು ಆಪರೇಷನ್ ಆದ ಮೇಲೆ ಸಣ್ಣ ತಂತಿ ಸರಿಯಾಗಿ ಕಾಣಲ್ಲ, ಆದ್ರೂ ಭಾನುವಾರ ಶಿವಮೊಗ್ಗದಿಂದ ಟ್ರೈನ್ ಹತ್ತಿ ತಿಪಟೂರಲ್ಲಿ ಇಳೀತೀನಿ, ನೀನು ಹುಡುಕು, ನಾನು ಪಕ್ಕದಲ್ಲಿ ಕೂತು ಬಲ್ಬು ನೋಡ್ತೀನಿ. ಅಲ್ಲೀವರೆಗೆ ಗಾಡಿ ಶೆಡ್ಡಿಂದ ಆಚೆ ಬಯಲಲ್ಲಿ ನಿಲ್ಸು, ಬ್ಯಾಟರಿ ನೆಗೆಟಿವ್ ಬಿಚ್ಚಿರು, ಶೆಡ್ಡಿನ ಮೇನು ಆಫ್ ಮಾಡು. ಇವತ್ತೇ ಎರಡೂ ಕಡೆ ತಂತಿ ತೆಗೆದು, ತೆಗೆದ ತಂತೀನ ಅಂಗೈ ಮೇಲಿಟ್ಟು ಫೋಟೋ ಕಳ್ಸು. ಎಷ್ಟು ಹೊತ್ತಾದ್ರೂ ಸರಿ, ಫೋನು ದಿಂಬಿನ ಪಕ್ಕಾನೇ ಇಟ್ಕೊಂಡಿದ್ದೀನಿ.

ನಿನ್ನ ಮಾವ